ಮೈಕ್ ಲೀ ಅವರ ಸಿನಿಮಾಗಳಿಗೆ ಚಿತ್ರಕಥೆಯೇ ಇರುವುದಿಲ್ಲವೆ?

ಓದುಗರ ಪ್ರಶ್ನೆ: ಬ್ರಿಟಿಷ್ ನಿರ್ದೇಶಕ ಮೈಕ್ ಲೀ ಚಿತ್ರಕಥೆ ಬರೆಯುವುದೇ ಇಲ್ಲ, ಅವರ ನಟರು ಕ್ಯಾಮೆರಾ ಮುಂದೆ ಹೊಳೆದದ್ದನ್ನು ಆಡುತ್ತಾ ಹೋಗುತ್ತಾರೆ ಎಂದು ಕೇಳಿದ್ದೇನೆ. ಇದು ನಿಜವೆ?

ಉತ್ತರ: ಅರ್ಧ ಮಾತ್ರ ನಿಜ. ಕೆಲಸ ಆರಂಭವಾಗುವಾಗ ಲೀ ಅವರ ಬಳಿ ಚಿತ್ರಕಥೆ ಇರುವುದಿಲ್ಲ. ಚಿತ್ರೀಕರಣದ ಹೊತ್ತಿಗೆ ಮಾತ್ರ ಸಂಭಾಷಣೆಯೆಲ್ಲ ಬಹುಮಟ್ಟಿಗೆ ನಿಶ್ಚಿತವಾಗಿರುತ್ತದೆ. ನಟರ ಆಶುಅಭಿನಯ ಅವರಿಗೆ ಚಿತ್ರೀಕರಿಸುವ ವಿಧಾನವಲ್ಲ, ಬರೆಯುವ ವಿಧಾನ.

ಅವರು ಪ್ರತಿ ನಟರೊಡನೆ ಪ್ರತ್ಯೇಕವಾಗಿ ಕುಳಿತು, ಆ ನಟರಿಗೆ ಗೊತ್ತಿರುವ ನಿಜವಾದ ವ್ಯಕ್ತಿಗಳ ಕುರಿತು ಮಾತಾಡಿಸಿ, ಅವರಲ್ಲಿ ಒಬ್ಬರನ್ನೋ ಹಲವರ ಗುಣಗಳನ್ನು ಸೇರಿಸಿಯೋ ಒಂದು ಪಾತ್ರವನ್ನು ಆರಿಸಿಕೊಳ್ಳುತ್ತಾರೆ. ಆ ಪಾತ್ರದ ಬಾಲ್ಯ, ಮನೆ, ದುಡಿಮೆ ಎಲ್ಲವನ್ನೂ ತಿಂಗಳುಗಟ್ಟಲೆ ಕಟ್ಟಿದ ಮೇಲೆಯೇ ಪಾತ್ರಗಳು ಪರಸ್ಪರ ಎದುರಾಗುತ್ತವೆ. ಇಲ್ಲಿನ ಕಟ್ಟುನಿಟ್ಟಿನ ನಿಯಮವೆಂದರೆ, ಪಾತ್ರಕ್ಕೆ ತಿಳಿಯದ ಯಾವುದೂ ನಟರಿಗೂ ತಿಳಿದಿರಬಾರದು. 2004ರ ‘ವೆರಾ ಡ್ರೇಕ್’ ಚಿತ್ರದಲ್ಲಿ ಇಮೆಲ್ಡಾ ಸ್ಟಾಂಟನ್ ಅವರದು 1950ರ ಲಂಡನ್ನಿನಲ್ಲಿ ಬೇರೆ ಹೆಂಗಸರಿಗೆ ಗುಟ್ಟಾಗಿ, ಕಾನೂನಿಗೆ ವಿರುದ್ಧವಾಗಿ ಗರ್ಭಪಾತ ಮಾಡಿಸುವ ಬಡ ಗೃಹಿಣಿಯ ಪಾತ್ರ. ಆಕೆಯ ಮನೆಯವರಾಗಿ ನಟಿಸುತ್ತಿದ್ದವರಿಗೆ ಈ ವಿಷಯ ಗೊತ್ತೇ ಇರಲಿಲ್ಲ. ತಾಲೀಮಿನಲ್ಲಿ ಮನೆಮಂದಿ ಸಂಭ್ರಮಿಸುತ್ತಿರುವಾಗ ಪೊಲೀಸ್ ಪಾತ್ರಧಾರಿಗಳು ಬಾಗಿಲು ತಟ್ಟಿದಾಗಲೇ ಅವರಿಗೆ ಸತ್ಯ ತಿಳಿದದ್ದು. ತೆರೆಯ ಮೇಲೆ ನಾವು ಕಾಣುವುದು ಆ ಆಘಾತದ ಹಸಿ ರೂಪವನ್ನಲ್ಲ. ಅದನ್ನು ಮತ್ತೆ ಮತ್ತೆ ಆಡಿಸಿ, ಹೆಚ್ಚಾದ ಮಾತುಗಳನ್ನು ಕಳೆದು, ಉಳಿದದ್ದನ್ನು ಗಟ್ಟಿಗೊಳಿಸಿದ ರೂಪವನ್ನು. ಆರಂಭದಲ್ಲಿ ಒಂದು ಪುಟವೂ ಇಲ್ಲದೆ ಹೊರಡುವ ಈ ನಿರ್ದೇಶಕರು ಆಸ್ಕರ್‌ನ ಮೂಲ ಚಿತ್ರಕಥೆ ವಿಭಾಗಕ್ಕೆ ಐದು ಬಾರಿ ನಾಮನಿರ್ದೇಶನಗೊಂಡಿರುವುದು ನನಗೆ ನ್ಯಾಯವಾಗಿಯೇ ತೋರುತ್ತದೆ, ಏಕೆಂದರೆ ಇದು ಬರವಣಿಗೆಯೇ.

ಈ ಕ್ರಮಕ್ಕೆ ಅವರು ತೆತ್ತ ಬೆಲೆ ದೊಡ್ಡದು. 1943ರಲ್ಲಿ ಹುಟ್ಟಿ ಸಾಲ್ಫರ್ಡಿನಲ್ಲಿ ಬೆಳೆದ ಲೀ, 1971ರಲ್ಲಿ ನಟ ಆಲ್ಬರ್ಟ್ ಫಿನಿ ಅವರ ಸಂಸ್ಥೆಯ ನೆರವಿನಿಂದ ‘ಬ್ಲೀಕ್ ಮೊಮೆಂಟ್ಸ್’ ನಿರ್ದೇಶಿಸಿದರು. ಚಿತ್ರಮಂದಿರಕ್ಕಾಗಿ ಅವರು ಮಾಡಿದ ಮುಂದಿನ ಚಿತ್ರ ‘ಹೈ ಹೋಪ್ಸ್’ ಬಂದದ್ದು 1988ರಲ್ಲಿ, ಎಂದರೆ 17 ವರ್ಷಗಳ ನಂತರ. ಕಥೆ ಏನು, ಯಾರ ಕುರಿತು ಎಂದು ಹೇಳಲಾಗದ ಚಿತ್ರಕ್ಕೆ ಹಣ ಹೂಡುವವರು ಯಾರು? ನಡುವಿನ ವರ್ಷಗಳಲ್ಲಿ ಅವರನ್ನು ಕಾಪಾಡಿದ್ದು ಟೆಲಿವಿಷನ್, ಅದರಲ್ಲೂ ಬಿಬಿಸಿ. ‘ನಟ್ಸ್ ಇನ್ ಮೇ’, ‘ಅಬಿಗೇಲ್ಸ್ ಪಾರ್ಟಿ’ ಮೊದಲಾದವು ಅಲ್ಲಿಯೇ ಪ್ರಸಾರವಾದವು. 1982ರಲ್ಲಿ ಆರಂಭವಾದ ಬ್ರಿಟಿಷ್ ಟೆಲಿವಿಷನ್ ವಾಹಿನಿ ಚಾನೆಲ್ ಫೋರ್ ಚಿತ್ರಮಂದಿರದ ಸಿನಿಮಾಗಳಿಗೂ ಹಣ ಕೊಡತೊಡಗಿದ ಮೇಲೆ ಲೀ ಅವರ ದಾರಿ ತೆರೆಯಿತು. 1993ರಲ್ಲಿ ‘ನೇಕೆಡ್’ ಅವರಿಗೆ ಕಾನ್ ಚಿತ್ರೋತ್ಸವದ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ತಂದಿತು. 1996ರಲ್ಲಿ ‘ಸೀಕ್ರೆಟ್ಸ್ ಅಂಡ್ ಲೈಸ್’ ಅಲ್ಲಿನ ಪರಮೋಚ್ಚ ಪ್ರಶಸ್ತಿಯಾದ ಪಾಮ್ ದೋರ್ ಪಡೆಯಿತು.

ಇಷ್ಟೆಲ್ಲ ಮನ್ನಣೆ ದೊರೆತ ಮೇಲೂ ಅವರು ಪದ್ಧತಿಯನ್ನು ಬಿಡಲಿಲ್ಲ. ಎಂಬತ್ತು ದಾಟಿದ ಮೇಲೆ, 2024ರಲ್ಲಿ ಬಂದ ‘ಹಾರ್ಡ್ ಟ್ರೂತ್ಸ್’ ಚಿತ್ರಕ್ಕಾಗಿ ಅವರು ‘ಸೀಕ್ರೆಟ್ಸ್ ಅಂಡ್ ಲೈಸ್’ನ ನಟಿ ಮರಿಯಾನ್ ಜೀನ್-ಬ್ಯಾಪ್ಟಿಸ್ಟ್ ಅವರೊಡನೆ ಮತ್ತೆ ಕುಳಿತಾಗಲೂ ಅವರ ನಡುವೆ ಬರೆದಿಟ್ಟ ಕಥೆ ಇರಲಿಲ್ಲ.