ಮುಳುಗಿದ ಉಂಡೆ, ತೇಲಿದ ದೋಣಿ

ಮಕ್ಕಳಿಗೆ ವಿಜ್ಞಾನ ಕಲಿಸುವ ಕಿಟ್ಟುಗಳನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು. ಡಬ್ಬಿಯ ಮೇಲೆ ‘ಸ್ಟೆಮ್’ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಅಂತ ದೊಡ್ಡದಾಗಿ ಬರೆದಿರುತ್ತದೆ. ಒಳಗೊಂದು ಕಾರ್ಡು. ಏನು ಮಾಡಬೇಕು, ಏನಾಗುತ್ತದೆ, ಯಾಕಾಗುತ್ತದೆ, ಮೂರೂ ಅದರಲ್ಲಿ ಮೊದಲೇ ಅಚ್ಚಾಗಿರುತ್ತದೆ. ಮಗುವಿಗೆ ಉಳಿಯುವ ಕೆಲಸ ಡಬ್ಬಿ ಬಿಚ್ಚುವುದು ಮಾತ್ರ. ನನ್ನ ಕೈಗೆ ಸಿಕ್ಕ ಒಂದು ಕಾರ್ಡಿನಲ್ಲಂತೂ ‘ಭಾರವಾದದ್ದು ಮುಳುಗುತ್ತದೆ, ಹಗುರವಾದದ್ದು ತೇಲುತ್ತದೆ’ ಎಂದಿತ್ತು. ಸಾವಿರಾರು ಟನ್ನಿನ ಹಡಗು ತೇಲುತ್ತದೆ, ಒಂದು ಮರಳಿನ ಕಣ ತಳ ಸೇರುತ್ತದೆ. ಬರೆದವರು ಒಂದು ಸಲವಾದರೂ ನೀರಿಗೆ ಕೈ ಹಾಕಿದ್ದರೋ ಇಲ್ಲವೋ!

ಕಿಟ್ಟು ಬದಿಗಿಟ್ಟು, ಅಣ್ಣನ ಐದು ವರ್ಷದ ಮಗಳ ಜೊತೆ ಒಂದು ಟಬ್ ನೀರು, ಒಂದು ಹಿಡಿ ಕ್ಲೇ ಇಟ್ಟುಕೊಂಡು ಕೂತೆ. ಎಣ್ಣೆ ಬೆರೆತ, ನೀರಲ್ಲಿ ಕರಗದ ಕ್ಲೇ ಆಗಬೇಕು. ಹಿಟ್ಟಿನಿಂದ ಮಾಡಿದ್ದಾದರೆ ಐದೇ ನಿಮಿಷಕ್ಕೆ ರಾಡಿಯಾಗುತ್ತದೆ.

“ಈ ಉಂಡೆ ಹಾಕಿದ್ರೆ ಏನಾಗುತ್ತೆ?”

“ಮುಳುಗುತ್ತೆ.” ಮುಳುಗಿತು.

“ಇದನ್ನೇ ತೇಲೋ ಹಾಗೆ ಮಾಡ್ತೀಯಾ?”

ಮೊದಲು ಅರ್ಧ ಚಿವುಟಿ ಹಾಕಿದಳು. ಅದೂ ಮುಳುಗಿತು. ಇನ್ನೂ ಚಿವುಟಿದಳು. ಕೊನೆಗೆ ಮಣಿಯಷ್ಟು ಚಿಕ್ಕದೂ ತಳಕ್ಕೆ ಹೋಯಿತು. ಕಾರ್ಡಿನ ಸಿದ್ಧಾಂತ ಅಲ್ಲಿಗೆ ಮುಗಿಯಿತು, ನಾನು ಬಾಯಿ ಬಿಡಲೇ ಇಲ್ಲ. (ಈ ಪ್ರಯೋಗದಲ್ಲಿ ದೊಡ್ಡವರಿಗೆ ಕಷ್ಟದ ಭಾಗ ಇದೇ.) ಆಮೇಲೆ ಎಲ್ಲ ಚೂರು ಸೇರಿಸಿ ಹಾಳೆಯಂತೆ ತಟ್ಟಿದಳು. “ಚಪ್ಪಟೆ ಇದೆ, ಈಗ ತೇಲುತ್ತೆ ನೋಡಿ.” ಅದು ಎಲೆಯ ಹಾಗೆ ಓಲಾಡುತ್ತಾ ಕೆಳಗಿಳಿಯಿತು. ಅವಳ ಮುಖ ನೋಡಬೇಕಿತ್ತು!

ಇದೇ ಜಗಳ 1611ರಲ್ಲಿ ಇಟಲಿಯ ಫ್ಲಾರೆನ್ಸಿನ ಪಂಡಿತರ ನಡುವೆ ನಡೆದಿತ್ತು. ಮಂಜುಗಡ್ಡೆ ಯಾಕೆ ತೇಲುತ್ತದೆ ಅನ್ನುವುದು ಚರ್ಚೆ. ಅಗಲವಾಗಿ, ಚಪ್ಪಟೆಯಾಗಿ ಇರುವುದರಿಂದ ಅದು ನೀರನ್ನು ಸೀಳಲಾರದು ಅಂತ ಅರಿಸ್ಟಾಟಲನ ಕಡೆಯವರು. ಅಲ್ಲ, ಮಂಜುಗಡ್ಡೆ ಅಷ್ಟೇ ಗಾತ್ರದ ನೀರಿಗಿಂತ ಹಗುರ ಅಂತ ಗೆಲಿಲಿಯೊ. ಎದುರಾಳಿ ಲೊಡೊವಿಕೊ ಡೆಲ್ಲೆ ಕೊಲೊಂಬೆ ಸುಮ್ಮನಿರಲಿಲ್ಲ. ಕರಿಮರದ (ಎಬೊನಿ) ಉಂಡೆ ಮುಳುಗುತ್ತದೆ, ಅದೇ ಮರದ ತೆಳ್ಳನೆ ಚಕ್ಕೆ ನೀರಿನ ಮೇಲೆ ನಿಲ್ಲುತ್ತದೆ ಎಂದು ಮಾಡಿಯೇ ತೋರಿಸಿದ. ಒಳ್ಳೇ ಏಟು, ಅಲ್ವಾ? ಗೆಲಿಲಿಯೊ ಬಗ್ಗಿ ನೋಡಿದ. ಚಕ್ಕೆ ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ, ಒಂದು ಪುಟ್ಟ ಗುಳಿಯಲ್ಲಿ ಕೂತಿತ್ತು. ಪೂರ್ತಿ ಒದ್ದೆ ಮಾಡಿ ಹಾಕಿದರೆ ಅದೂ ಮುಳುಗುತ್ತದೆ ಎಂದ. ಆ ಗುಳಿಯ ಹಿಂದಿರುವುದು ನೀರಿನ ಮೇಲ್ಮೈ ಎಳೆತ (ನೀರಿನ ಮೇಲ್ಪದರ ಬಿಗಿದ ಪೊರೆಯಂತೆ ತಡೆಯುವುದು), ಅದು ಬೇರೆಯೇ ಕಥೆ. 1612ರಲ್ಲಿ ಗೆಲಿಲಿಯೊ ಇದರ ಬಗ್ಗೆ ಪುಸ್ತಕವನ್ನೇ ಬರೆದ. ಲ್ಯಾಟಿನ್ನಿನಲ್ಲಲ್ಲ, ಊರಿನವರು ಓದುವ ಇಟಾಲಿಯನ್ನಿನಲ್ಲಿ.

ಅಷ್ಟರಲ್ಲಿ ಇಲ್ಲಿ ಹಾಳೆಯ ಅಂಚುಗಳು ಮೇಲಕ್ಕೆ ಮಡಚಿಕೊಂಡಿದ್ದವು. ತೇಲಿತು. “ಚಿಕ್ಕಪ್ಪಾ, ಅದಕ್ಕೆ ಗೋಡೆ ಬೇಕಿತ್ತು!”

ಗೋಡೆ ಮಾಡುವ ಕೆಲಸವೇನು? ಇಲ್ಲೇ ನನಗೆ ಖುಷಿ. ನೀರನ್ನು ತುಂಬಿ ತುಳುಕುವ ಬೆಂಚು ಅಂದುಕೊಳ್ಳಿ. ಹೊಸಬರು ಕೂರಬೇಕಾದರೆ ಕೂತವರು ಸರಿಯಬೇಕು. ಸರಿದವರು ಸುಮ್ಮನಿರುವುದಿಲ್ಲ, ತಿರುಗಿ ಒತ್ತುತ್ತಾರೆ. ನೀರಿಗೆ ಸರಿಯಲು ಇರುವ ದಾರಿ ಮೇಲಕ್ಕೆ ಮಾತ್ರ, ಆದ್ದರಿಂದ ಇದು ಏತದಾಟವೂ (ಸೀಸಾ) ಹೌದು. ಒಂದು ತುದಿಯಲ್ಲಿ ಕ್ಲೇ, ಇನ್ನೊಂದು ತುದಿಯಲ್ಲಿ ಜಾಗ ಬಿಟ್ಟ ನೀರು. ಯಾವುದು ಭಾರವೋ ಅದು ಇಳಿಯುತ್ತದೆ. ನಂಬಿಕೆ ಬರದಿದ್ದರೆ ಮುಚ್ಚಳ ಹಾಕಿದ ಖಾಲಿ ಬಾಟಲಿಯನ್ನು ನೀರೊಳಗೆ ಅದುಮಿ ನೋಡಿ. ಒಳಗೆ ಹೋದಷ್ಟೂ ಅಂಗೈಗೆ ಒತ್ತು ಜಾಸ್ತಿಯಾಗುತ್ತದೆ, ಪೂರ್ತಿ ಮುಳುಗಿದ ಮೇಲೆ ಮಾತ್ರ ಅಲ್ಲಿಗೇ ನಿಲ್ಲುತ್ತದೆ. ಜಾಗ ಬಿಟ್ಟ ನೀರು ಎಷ್ಟು ತೂಗುತ್ತದೋ ಅಷ್ಟೇ ಒತ್ತು, ಒಂದು ಗ್ರಾಂ ಆಚೀಚೆ ಇಲ್ಲ ಎಂದು 2200 ವರ್ಷಗಳ ಹಿಂದೆ ಆರ್ಕಿಮಿಡಿಸ್ ತೋರಿಸಿಕೊಟ್ಟಿದ್ದ.

ಲೆಕ್ಕ ಹಾಕೋಣ. ಉಂಡೆ 100 ಗ್ರಾಂ, ಗಾತ್ರ 60 ಮಿಲಿಲೀಟರ್ ಎಂದಿಟ್ಟುಕೊಳ್ಳಿ. ಅದು 60 ಮಿಲಿಲೀಟರ್ ನೀರನ್ನು ಸರಿಸುತ್ತದೆ, ಅಂದರೆ ಮೇಲಕ್ಕೆ ಸಿಗುವ ಒತ್ತು 60 ಗ್ರಾಮಿನದು. ಇನ್ನೂ 40 ಗ್ರಾಂ ಕಡಿಮೆ ಬಿತ್ತು, ಮುಳುಗಿತು. ಚಿವುಟಿ ಅರ್ಧ ಮಾಡಿದರೆ 50 ಗ್ರಾಮಿಗೆ 30, ಅದೂ ಸಾಲದು. ಚಪ್ಪಟೆ ಮಾಡಿದರೂ ಗಾತ್ರ ಅದೇ 60. ಗೋಡೆ ಎತ್ತಿದಾಗ ಮಾತ್ರ ಒಳಗಿನ ಖಾಲಿ ಜಾಗವೂ ನೀರನ್ನು ದೂಡಲು ಸೇರಿಕೊಳ್ಳುತ್ತದೆ. 100 ಮಿಲಿಲೀಟರ್ ನೀರು ಸರಿಯುವವರೆಗೆ ದೋಣಿ ಇಳಿದು ಅಲ್ಲೇ ನಿಲ್ಲುತ್ತದೆ. ಹಡಗು ಮಾಡುವುದೂ ಇಷ್ಟೇ.

ಇನ್ನೊಂದು ಆಟ ಇದೆ, ಇದರಲ್ಲಿ ದೊಡ್ಡವರೂ ಬೀಳುತ್ತಾರೆ. ದೋಣಿಯನ್ನು ಸುಮಾರು 12 ಸೆಂಟಿಮೀಟರ್ ಅಗಲದ ಗಾಜಿನ ಪಾತ್ರೆಯಲ್ಲಿ ತೇಲಿಬಿಟ್ಟೆವು. ಅಗಲವಾದ ಟಬ್ಬಿನಲ್ಲಿ ಏನೂ ಗೊತ್ತಾಗುವುದಿಲ್ಲ. ನೀರಿನ ಮಟ್ಟಕ್ಕೆ ಹೊರಗಿನಿಂದ ಒಂದು ರಬ್ಬರ್ ಬ್ಯಾಂಡ್ ಹಾಕಿ ಕೇಳಿದೆ, “ದೋಣಿ ಮುಳುಗಿಸಿದ್ರೆ ನೀರು ಏರುತ್ತಾ, ಇಳಿಯುತ್ತಾ?”

“ಏರುತ್ತೆ. ದೋಣಿ ಪೂರ್ತಿ ಒಳಗೆ ಹೋಗುತ್ತಲ್ಲ!”

ಬೆರಳಿಂದ ಅದುಮಿದಳು. ದೋಣಿಯೊಳಗೆ ನೀರು ನುಗ್ಗಿ ಅದು ತಳ ಸೇರಿತು. ನೀರು ರಬ್ಬರ್ ಬ್ಯಾಂಡಿಗಿಂತ ಮೂರು ಮಿಲಿಮೀಟರಿನಷ್ಟು ಕೆಳಗಿತ್ತು. ತೇಲುವಾಗ 100 ಸರಿಸಿತ್ತು, ಮುಳುಗಿದ ಮೇಲೆ ಬರೀ 60. ಆದರೆ ಅದನ್ನು ನಾನು ಹೇಳಲಿಲ್ಲ. ಅವಳು ಪಾತ್ರೆಯನ್ನು ಮೆಲ್ಲಗೆ ಓರೆ ಮಾಡಿ, ಎಲ್ಲಾದರೂ ಸೋರಿದೆಯಾ ಎಂದು ಅಡಿಯನ್ನು ಅಂಗೈಯಿಂದ ಸವರಿ ನೋಡುತ್ತಿದ್ದಳು.