ಪವರ್ ಬಟನ್ ಒತ್ತಿದ ಮೇಲೆ: ಡೆಸ್ಕ್‌ಟಾಪ್ ಹಾರ್ಡ್‌ವೇರ್ ಅಧ್ಯಯನ ಟಿಪ್ಪಣಿ

ಹಾರ್ಡ್‌ವೇರ್ ಪಾಠ ಸಾಮಾನ್ಯವಾಗಿ ಪಟ್ಟಿಯಿಂದ ಶುರುವಾಗುತ್ತದೆ. ಮದರ್‌ಬೋರ್ಡ್ ಎಂದರೆ ಏನು, ರ‍್ಯಾಮ್ ಎಂದರೆ ಏನು, ಎಸ್‌ಎಂಪಿಎಸ್ ಎಂದರೆ ಏನು ಎಂಬ ವ್ಯಾಖ್ಯೆಗಳು. ಪರೀಕ್ಷೆ ಬರೆಯಲು ಅಷ್ಟು ಸಾಕು. ಆನ್ ಆಗದ ಮಷೀನಿನ ಮುಂದೆ ಕೂತಾಗ ಮಾತ್ರ ಆ ಪಟ್ಟಿ ಕೈ ಹಿಡಿಯುವುದಿಲ್ಲ. ಆಗ ಬೇಕಾಗುವುದು, ಬಟನ್ ಒತ್ತಿದ ಮೇಲೆ ಯಾವುದರ ನಂತರ ಯಾವುದು ಕೆಲಸಕ್ಕೆ ಇಳಿಯುತ್ತದೆ ಎಂಬ ಕ್ರಮ. ಈ ಟಿಪ್ಪಣಿ ಆ ಕ್ರಮವನ್ನೇ ಹಿಡಿದು ಸಾಗುತ್ತದೆ.

ಕರೆಂಟು ಹೋಗುವ ದಾರಿ

ಎಸ್‌ಎಂಪಿಎಸ್ ಗೋಡೆಯ ಎಸಿ ಕರೆಂಟನ್ನು 12, 5 ಮತ್ತು 3.3 ವೋಲ್ಟಿನ ಡಿಸಿಯಾಗಿ ಬದಲಿಸುತ್ತದೆ. ಬಣ್ಣದ ತಂತಿಗಳಿದ್ದರೆ ಹಳದಿ 12, ಕೆಂಪು 5, ಕಿತ್ತಳೆ 3.3, ಕಪ್ಪು ಗ್ರೌಂಡ್. ಈಗಿನ ಎಷ್ಟೋ ಎಸ್‌ಎಂಪಿಎಸ್‌ಗಳಲ್ಲಿ ತಂತಿಗಳೆಲ್ಲ ಕಪ್ಪು. ಹಾಗಾಗಿ ಬಣ್ಣ ನಂಬುವುದಕ್ಕಿಂತ ಪಿನ್ ಸಂಖ್ಯೆ ನೋಡುವ ಅಭ್ಯಾಸ ಒಳ್ಳೆಯದು. ಪ್ರೊಸೆಸರಿಗೆ ಬೇಕಾದದ್ದು ಸುಮಾರು 1 ವೋಲ್ಟ್ ಅಷ್ಟೆ. ಸಾಕೆಟ್ಟಿನ ಪಕ್ಕದಲ್ಲಿ, ಹೆಚ್ಚಾಗಿ ಸಣ್ಣ ಹೀಟ್‌ಸಿಂಕ್ ಅಡಿಯಲ್ಲಿ, ಸಾಲಾಗಿ ನಿಂತಿರುವ ವಿಆರ್‌ಎಂ ಭಾಗಗಳು 12 ವೋಲ್ಟನ್ನು ಅಲ್ಲಿಗೆ ಇಳಿಸುತ್ತವೆ.

ಇಲ್ಲಿ ಒಂದು ಸಂಗತಿಯನ್ನು ಗಟ್ಟಿಯಾಗಿ ನೆನಪಿಡಬೇಕು. ಮುಂಭಾಗದ ಪವರ್ ಬಟನ್ ಮುಖ್ಯ ಕರೆಂಟನ್ನು ಮುಟ್ಟುವುದೇ ಇಲ್ಲ. ಹಳೆಯ ಎಟಿ ಮಷೀನುಗಳಲ್ಲಿ ಮುಟ್ಟುತ್ತಿತ್ತು. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ಮಾದರಿಯಲ್ಲಿ ಬಟನ್ ಮದರ್‌ಬೋರ್ಡಿಗೆ ಒಂದು ಸೂಚನೆ ಕೊಡುತ್ತದೆ, ಅಷ್ಟೆ. ಆ ಸೂಚನೆ ಗ್ರಹಿಸಲು ಬೋರ್ಡಿನ ಒಂದು ಭಾಗ ಸದಾ ಎಚ್ಚರವಾಗಿರಬೇಕಲ್ಲ, ಅದಕ್ಕಾಗಿ ನೇರಳೆ ತಂತಿಯಲ್ಲಿ 5 ವೋಲ್ಟ್ ಯಾವಾಗಲೂ ಹರಿಯುತ್ತಿರುತ್ತದೆ. ಶಟ್‌ಡೌನ್ ಮಾಡಿದ ಮೇಲೂ ಬೋರ್ಡಿನ ಮೇಲೆ ಪುಟ್ಟ ದೀಪ ಉರಿಯುವುದು ಇದರಿಂದಲೇ. ಆದ್ದರಿಂದ ಒಳಗೆ ಕೈ ಹಾಕುವ ಮೊದಲು ಪ್ಲಗ್ ಕಿತ್ತು, ಒಮ್ಮೆ ಪವರ್ ಬಟನ್ ಒತ್ತಿ ಉಳಿದ ಚಾರ್ಜ್ ಇಳಿಸಿಬಿಡಿ.

ಬಟನ್ ಒತ್ತಿದಾಗ ಬೋರ್ಡ್ ಹಸಿರು ತಂತಿಯನ್ನು ಗ್ರೌಂಡಿಗೆ ಸೇರಿಸುತ್ತದೆ, ಎಸ್‌ಎಂಪಿಎಸ್ ಎದ್ದೇಳುತ್ತದೆ. ವೋಲ್ಟೇಜುಗಳು ಸ್ಥಿರವಾದ ಮೇಲೆ, 100ರಿಂದ 500 ಮಿಲಿಸೆಕೆಂಡಿನೊಳಗೆ, ಬೂದು ತಂತಿಯಲ್ಲಿ 'ಪವರ್ ಗುಡ್' ಎಂಬ ಸಂಕೇತ ಬರುತ್ತದೆ. ಅದು ಬರುವವರೆಗೆ ಪ್ರೊಸೆಸರನ್ನು ರೀಸೆಟ್ ಸ್ಥಿತಿಯಲ್ಲೇ ತಡೆದಿಟ್ಟಿರಲಾಗುತ್ತದೆ. ಬಂದ ಮೇಲೆ ಬಯಾಸ್ ಚಿಪ್ಪಿನಲ್ಲಿರುವ ಪ್ರೋಗ್ರಾಂ ಓಡತೊಡಗಿ ಮೆಮೊರಿ, ಗ್ರಾಫಿಕ್ಸ್, ಡಿಸ್ಕ್ ಇತ್ಯಾದಿಗಳನ್ನು ತಪಾಸಣೆ ಮಾಡುತ್ತದೆ. ಇದೇ ಪೋಸ್ಟ್. ಆಮೇಲಿನದು ಆಪರೇಟಿಂಗ್ ಸಿಸ್ಟಂ ಪಾಲಿನ ಕೆಲಸ.

ಜೋಡಿಸುವಾಗ

ಕ್ಯಾಬಿನೆಟ್ಟಿನೊಳಗೆ ಎಲ್ಲವನ್ನೂ ತುಂಬಿ ಕೊನೆಗೆ ಆನ್ ಮಾಡುವುದು ನನಗೆ ಒಪ್ಪದ ಪದ್ಧತಿ. ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್ ಇಷ್ಟನ್ನೇ ಹಾಕಿ, ಮದರ್‌ಬೋರ್ಡನ್ನು ಅದರ ರಟ್ಟಿನ ಡಬ್ಬದ ಮೇಲಿಟ್ಟು ಹೊರಗೇ ಒಮ್ಮೆ ಆನ್ ಮಾಡಿ ನೋಡಿ. ಬೋರ್ಡ್ ಬಂದ ಆಂಟಿಸ್ಟ್ಯಾಟಿಕ್ ಚೀಲದ ಮೇಲೆ ಇಡಬೇಡಿ, ಅದರ ಹೊರಮೈ ಕರೆಂಟು ಹರಿಯಲು ಬಿಡಬಹುದು. ಬಟನ್ ಇಲ್ಲವಲ್ಲ ಎಂದರೆ, ಪವರ್ ಸ್ವಿಚ್ಚಿನ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಸೇರಿಸಿದರೆ ಸಾಕು.

ಪ್ರೊಸೆಸರ್ ಕೂರಿಸುವಾಗ ಮೂಲೆಯ ತ್ರಿಕೋನ ಗುರುತು ಹೊಂದಿಸಿ, ಕೈಬಿಡಿ, ಒತ್ತಬೇಡಿ. ಈಗಿನ ಇಂಟೆಲ್ ಸಾಕೆಟ್ಟುಗಳಲ್ಲಿ ಮತ್ತು ಎಎಂಡಿಯ ಎಎಂ5ನಲ್ಲಿ ಪಿನ್ನುಗಳಿರುವುದು ಸಾಕೆಟ್ಟಿನಲ್ಲಿ. ಎಎಂ4ನಲ್ಲಿ ಪ್ರೊಸೆಸರಿನ ಅಡಿಯಲ್ಲೇ ಇವೆ, ಅದರಿಂದ ಬೇರೊಂದು ತೊಂದರೆ: ಕೂಲರ್ ಮತ್ತು ಪ್ರೊಸೆಸರಿನ ನಡುವೆ ಬಿಸಿ ದಾಟಿಸಲು ಹಚ್ಚಿದ ಹಳೆಯ ಥರ್ಮಲ್ ಪೇಸ್ಟ್ ಅಂಟಿಕೊಂಡು, ಕೂಲರ್ ಎಳೆದಾಗ ಪ್ರೊಸೆಸರೂ ಸಾಕೆಟ್ಟಿನಿಂದ ಕಿತ್ತು ಬರುವುದುಂಟು. ಮಷೀನನ್ನು ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಕೂಲರನ್ನು ಮೆಲ್ಲಗೆ ತಿರುಚುತ್ತಾ ಬಿಡಿಸಬೇಕು. ಥರ್ಮಲ್ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಕೂಲರಿನ ತಳದಲ್ಲಿ ಪ್ಲಾಸ್ಟಿಕ್ ಹಾಳೆ ಇದ್ದರೆ ತೆಗೆಯಿರಿ. ಅದರ ಫ್ಯಾನ್ ತಂತಿ 'ಸಿಪಿಯು ಫ್ಯಾನ್' ಎಂದು ಬರೆದ ಪಿನ್ನುಗಳಿಗೇ ಹೋಗಬೇಕು.

ರ‍್ಯಾಮ್‌ನ ಎರಡು ಪೀಳಿಗೆಗಳಾದ ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್, ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ, ಒಂದರ ಸ್ಲಾಟಿಗೆ ಇನ್ನೊಂದು ಹೋಗದು. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡು ರ‍್ಯಾಮ್ ಇದ್ದರೆ ಹೆಚ್ಚಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್. ಆಗ ಮೆಮೊರಿಗೆ ಹೋಗುವ ಎರಡು ದಾರಿಗಳೂ (ಚಾನೆಲ್) ಬಳಕೆಯಾಗುತ್ತವೆ.

ಕ್ಯಾಬಿನೆಟ್ಟಿಗೆ ಇಳಿಸುವಾಗ ಬೋರ್ಡಿನ ತೂತುಗಳಿಗೆ ನೇರವಾಗಿ ಮಾತ್ರ ಬೋರ್ಡನ್ನು ಎತ್ತಿ ಹಿಡಿಯುವ ಹಿತ್ತಾಳೆಯ ಪುಟ್ಟ ಕಂಬ, ಅಂದರೆ ಸ್ಟ್ಯಾಂಡ್‌ಆಫ್ ಇರಬೇಕು. ಒಂದು ಹೆಚ್ಚಿದ್ದರೂ ಅದು ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆಗಬಹುದು. ಮುಂಭಾಗದ ತಂತಿಗಳಲ್ಲಿ ಸ್ವಿಚ್ಚಿಗೆ ಪ್ಲಸ್ ಮೈನಸ್ ಭೇದವಿಲ್ಲ, ಎಲ್‌ಇಡಿಗೆ ಇದೆ.

ಪ್ರೊಸೆಸರಿನ 8 ಪಿನ್ ಕೇಬಲ್ಲು ಹೆಚ್ಚಾಗಿ 4+4 ಆಗಿ ಒಡೆಯುತ್ತದೆ, ಗ್ರಾಫಿಕ್ಸ್ ಕಾರ್ಡಿನದು 6+2. ನೋಡಲು ಒಂದೇ ರೀತಿ, ಒಳಗಿನ 12 ವೋಲ್ಟ್ ಮತ್ತು ಗ್ರೌಂಡ್ ಮಾತ್ರ ಅದಲುಬದಲು. ಕೇಬಲ್ಲು ಕಳಚಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್ ಆದರೆ ಇನ್ನೊಂದು ಎಚ್ಚರ: ಬೇರೆ ಎಸ್‌ಎಂಪಿಎಸ್‌ನ ಕೇಬಲ್ಲು ಸರಿಯಾಗಿ ಕೂತರೂ ಬಳಸಬೇಡಿ. ಎಸ್‌ಎಂಪಿಎಸ್ ಕಡೆಯ ಪಿನ್ ಕ್ರಮಕ್ಕೆ ಸಾಮಾನ್ಯ ನಿಯಮವೇ ಇಲ್ಲ, ಡಿಸ್ಕ್ ಸುಟ್ಟುಹೋಗಬಹುದು.

ಎಲ್ಲಿ ನಿಂತಿತು?

ಕೆಟ್ಟ ಮಷೀನಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದು. ಯಾವ ಭಾಗ ಕೆಟ್ಟಿದೆ ಎಂಬುದು ಆಮೇಲಿನ ಮಾತು.

ಏನೂ ಅಲುಗಾಡುತ್ತಿಲ್ಲ ಎಂದರೆ ಹಸಿರು ತಂತಿಯ ಹಂತಕ್ಕಿಂತ ಮುಂದೆ ಹೋಗಿಲ್ಲ. ಪ್ಲಗ್, ಎಸ್‌ಎಂಪಿಎಸ್ ಹಿಂದಿನ ಸ್ವಿಚ್, ಬಟನ್ ತಂತಿ ನೋಡಿ. ಆ ಬಳಿಕ 24 ಪಿನ್ ಕನೆಕ್ಟರನ್ನು ಬೋರ್ಡಿನಿಂದ ಕಳಚಿ, ಪ್ಲಗ್ ಹಾಕುವ ಮೊದಲೇ ಹಸಿರು (16ನೇ ಪಿನ್) ಮತ್ತು ಒಂದು ಕಪ್ಪು ತಂತಿಯನ್ನು ಪೇಪರ್ ಕ್ಲಿಪ್ಪಿನಿಂದ ಸೇರಿಸಿ, ನಂತರ ಆನ್ ಮಾಡಿ. ಫ್ಯಾನ್ ತಿರುಗಿತು ಎಂದ ಮಾತ್ರಕ್ಕೆ ಎಸ್‌ಎಂಪಿಎಸ್ ಚೆನ್ನಾಗಿದೆ ಎಂದಲ್ಲ, ಅದು ಎದ್ದೇಳುತ್ತದೆ ಎಂದಷ್ಟೇ ಅರ್ಥ. ಮಲ್ಟಿಮೀಟರಿನಲ್ಲಿ 12 ವೋಲ್ಟ್ ತಂತಿ 11.4ರಿಂದ 12.6ರ ನಡುವೆ, 5 ವೋಲ್ಟಿನದು 4.75ರಿಂದ 5.25ರ ನಡುವೆ ಇರಬೇಕು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ಚಾರ್ಜ್ ಉಳಿದಿರುತ್ತದೆ.

ಫ್ಯಾನ್ ಒಂದು ಸುತ್ತು ತಿರುಗಿ ನಿಂತರೆ ಶಾರ್ಟ್ ಅನುಮಾನಿಸಿ. ಸ್ಟ್ಯಾಂಡ್‌ಆಫ್ ಮತ್ತು ಬಿದ್ದ ಸ್ಕ್ರೂ ಹುಡುಕಿ, ಬೋರ್ಡನ್ನು ಹೊರತೆಗೆದು ರಟ್ಟಿನ ಮೇಲೆ ಪರೀಕ್ಷಿಸಿ.

ಫ್ಯಾನ್ ತಿರುಗುತ್ತಿದೆ, ಪರದೆ ಕಪ್ಪಾಗಿಯೇ ಇದೆ: ಅತಿ ಹೆಚ್ಚು ಕಾಣುವ ದೂರು ಇದೇ. ಮಾನಿಟರ್ ಕೇಬಲ್ಲು ಗ್ರಾಫಿಕ್ಸ್ ಕಾರ್ಡಿನ ಬದಲು ಬೋರ್ಡಿಗೆ ಸಿಕ್ಕಿಸಿರುವುದು ಸಾಮಾನ್ಯ. ಹೆಸರಿನ ಕೊನೆಗೆ 'ಎಫ್' ಇರುವ ಇಂಟೆಲ್ ಪ್ರೊಸೆಸರುಗಳಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ, ಅಲ್ಲಿ ಬೋರ್ಡಿನ ಪೋರ್ಟಿನಿಂದ ಚಿತ್ರ ಬರುವುದೇ ಇಲ್ಲ. ಅದು ಸರಿಯಿದ್ದರೆ ಪ್ರೊಸೆಸರಿನ 8 ಪಿನ್ ಕೇಬಲ್ಲು ನೋಡಿ, ಆಮೇಲೆ ರ‍್ಯಾಮ್ ಕಳಚಿ ಒಂದನ್ನೇ ಹಾಕಿ. ಹೊಸ ಬೋರ್ಡುಗಳಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ (ಗ್ರಾಫಿಕ್ಸ್), ಬೂಟ್ ಎಂಬ ನಾಲ್ಕು ಪುಟ್ಟ ದೀಪಗಳಿದ್ದರೆ, ಉರಿಯುತ್ತಾ ನಿಂತ ದೀಪವೇ ಉತ್ತರ. ಬೀಪ್ ಸದ್ದುಗಳ ಅರ್ಥ ಬಯಾಸ್ ತಯಾರಕರನ್ನು ಅವಲಂಬಿಸಿ ಬದಲಾಗುತ್ತದೆ, ಬೋರ್ಡಿನ ಮ್ಯಾನ್ಯುಯಲ್ ನೋಡಿಯೇ ತಿಳಿಯಬೇಕು. ಡಿಡಿಆರ್5 ಮಷೀನು ಮೊದಲ ಸಲ ಆನ್ ಆಗುವಾಗ ಮೆಮೊರಿ ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳಬಹುದು, ಅವಸರಪಟ್ಟು ಆಫ್ ಮಾಡಬೇಡಿ.

ಬಯಾಸ್ ಬಂದು ವಿಂಡೋಸ್ ಬರದಿದ್ದರೆ ಡಿಸ್ಕಿನ ಕಡೆ ತಿರುಗಿ. ಬೋರ್ಡಿಗೇ ನೇರ ಸಿಕ್ಕಿಸುವ ಚಪ್ಪಟೆ ಎಂ.2 ಆಕಾರದಲ್ಲಿ ಹಳೆಯ ಸಾಟಾ ಸಂಪರ್ಕದ ಡಿಸ್ಕೂ ಇದೆ, ಹೆಚ್ಚು ವೇಗದ ಎನ್‌ವಿಎಂಇಯೂ ಇದೆ. ಎಲ್ಲ ಸ್ಲಾಟುಗಳೂ ಎರಡನ್ನೂ ಒಪ್ಪುವುದಿಲ್ಲ. ಪ್ಲಗ್ ತೆಗೆದಾಗಲೆಲ್ಲ ಗಡಿಯಾರ ತಪ್ಪುತ್ತಿದ್ದರೆ ಸಿಆರ್2032 ಬ್ಯಾಟರಿ ಮುಗಿದಿದೆ, ಬದಲಿಸಿ.

ಕಷ್ಟ ಕೊಡುವುದು ಆಗೊಮ್ಮೆ ಈಗೊಮ್ಮೆ ಕಾಣಿಸುವ ದೋಷ. ಭಾರೀ ಕೆಲಸ ಕೊಟ್ಟಾಗ ಮೊದಲು ನಿಧಾನವಾಗಿ ಆಮೇಲೆ ನಿಂತರೆ ಹೆಚ್ಚಾಗಿ ಬಿಸಿಯ ಸಮಸ್ಯೆ. ಯಾವ ಮುನ್ಸೂಚನೆಯೂ ಇಲ್ಲದೆ ದಿಢೀರನೆ ಆಫ್ ಆದರೆ ಎಸ್‌ಎಂಪಿಎಸ್ ಮೇಲೆ ಅನುಮಾನ. ಪ್ರತಿ ಸಲ ಬೇರೆ ಬೇರೆ ದೋಷಸಂದೇಶದ ನೀಲಿ ಪರದೆ ಬಂದರೆ ಮೊದಲು ರ‍್ಯಾಮ್ ಪರೀಕ್ಷಿಸಿ: ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವಿನಿಂದ ಬೂಟ್ ಮಾಡಿ ರಾತ್ರಿಯಿಡೀ ಓಡಲು ಬಿಡಿ. ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ರ‍್ಯಾಮ್ ವೇಗ ಹೆಚ್ಚಿಸುವ ಬಯಾಸ್ ಸೆಟ್ಟಿಂಗ್) ಆನ್ ಇದ್ದರೆ ತೆಗೆದು ಇನ್ನೊಮ್ಮೆ ನೋಡಿ. ತಪ್ಪು ಒಂದು ರ‍್ಯಾಮ್ ಕಡ್ಡಿಯನ್ನೇ ಹಿಂಬಾಲಿಸಿದರೆ ಕಡ್ಡಿ ಕೆಟ್ಟಿದೆ. ಯಾವ ಕಡ್ಡಿ ಹಾಕಿದರೂ ಒಂದೇ ಸ್ಲಾಟಿನಲ್ಲಿ ಬಂದರೆ ಆ ಸ್ಲಾಟನ್ನೋ, ಪ್ರೊಸೆಸರ್ ಸಾಕೆಟ್ಟಿನಲ್ಲಿ ಬಾಗಿದ ಪಿನ್ನನ್ನೋ ಹುಡುಕಬೇಕು.