ಲೆಕ್ಕಿಗರ ದಫ್ತರದಿಂದ ಬೆಂಗಳೂರಿನ ಸರ್ವರ್‌ಗೆ

ಕಂದಾಯ ಪ್ರಕರಣ ನಡೆಸುವ ನಮ್ಮಂಥ ತಾಲ್ಲೂಕು ವಕೀಲರ ಕಿವಿಗೆ ಈಗ ಹೆಚ್ಚು ಬೀಳುವ ಮಾತು ‘ಸಾಫ್ಟ್‌ವೇರ್ ತಗೊಳ್ತಿಲ್ಲ ಸರ್’. ಮೊದಲು ಇದೇ ಕಕ್ಷಿದಾರರು ‘ಲೆಕ್ಕಿಗರು ಸಿಗ್ತಿಲ್ಲ’ ಅನ್ನುತ್ತಿದ್ದರು.

ಊರಿನ ಜಮೀನು ಲೆಕ್ಕ ಬರೆಯುವ ವಂಶಪಾರಂಪರ್ಯದ ಶಾನುಭೋಗಿಕೆ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ಹೋಯಿತು. ಸಂಬಳದ ಗ್ರಾಮಲೆಕ್ಕಿಗರು ಬಂದರು. ದಫ್ತರ ಮಾತ್ರ ಒಬ್ಬರ ಕೈಯಲ್ಲೇ ಉಳಿಯಿತು. ಜಮೀನು ಯಾರದು, ಎಷ್ಟು ಎಂದು ತೋರಿಸುವ ಪಹಣಿ ಬರೆಯುವವರೂ ಅವರೇ, ನಕಲು ಕೊಡುವವರೂ ಅವರೇ. ಬೆಳೆ ಸಾಲ ಬೇಕಾದ ರೈತ ಅವರ ಬಿಡುವು ಕಾಯಬೇಕು, ಕೈ ಬೆಚ್ಚಗೆ ಮಾಡಬೇಕು. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಯ ಅರ್ಜಿ ವರ್ಷಗಟ್ಟಲೆ ದಫ್ತರದಲ್ಲೇ ಮಲಗಿದರೂ ಜಗಳವಾಡಲು ದಾರಿಯಿರಲಿಲ್ಲ. ಅರ್ಜಿ ಕೊಟ್ಟದ್ದಕ್ಕೇ ಎಷ್ಟೋ ಸಲ ಪುರಾವೆ ಇರುತ್ತಿರಲಿಲ್ಲ.

2000ದ ಆಸುಪಾಸಿನಲ್ಲಿ ಜಮೀನು ದಾಖಲೆಗಳನ್ನು ಗಣಕಕ್ಕೆ ಏರಿಸುವ ‘ಭೂಮಿ’ ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿ ಗಣಕಕ್ಕೆ ಏರಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಅಚ್ಚಾದ ಪ್ರತಿ ಸಿಗುತ್ತಿತ್ತು. ಎಲ್ಲರೂ ಹೊಗಳುವುದು ಇದನ್ನೇ. ನನ್ನ ಪ್ರಕಾರ ಹಳೆಯ ದರ್ಬಾರಿಗೆ ನಿಜವಾದ ಪೆಟ್ಟು ಕೊಟ್ಟದ್ದು ಸರದಿ ನಿಯಮ. ಖಾತೆ ಬದಲಾವಣೆ ಅರ್ಜಿ ಬಂದ ಕ್ರಮದಲ್ಲೇ ವಿಲೇವಾರಿಯಾಗಬೇಕು, ಹಿಂದಿನದನ್ನು ಮುಂದೆ ತಳ್ಳುವಂತಿಲ್ಲ. ಯಾರು ಯಾವ ನಮೂದು ಮಾಡಿದರೆಂಬುದಕ್ಕೆ ಬೆರಳಚ್ಚಿನ ಗುರುತು ಉಳಿಯುತ್ತದೆ. ನಮ್ಮವನ ಕೆಲಸ ಮೊದಲು, ಉಳಿದವರದು ಆಮೇಲೆ ಎನ್ನುವ ಸ್ವಾತಂತ್ರ್ಯವೇ ಗ್ರಾಮಲೆಕ್ಕಿಗರ ಅಧಿಕಾರವಾಗಿತ್ತು. ಅದು ಹೋಯಿತು.

ಲಂಚ ಹೋಯಿತೇ? ಜಾಗ ಬದಲಿಸಿತು. ನೋಟಿಸ್ ಜಾರಿ, ಸ್ಥಳ ವರದಿ ಇವೆಲ್ಲ ಮನುಷ್ಯರ ಕೈಯಲ್ಲೇ ಇದ್ದವು. ಆಕ್ಷೇಪಣೆಗೆ ಇರುವ ಅವಧಿಯೊಳಗೆ ಯಾರಿಂದಲೋ ಒಂದು ತಕರಾರು ಅರ್ಜಿ ಹಾಕಿಸಿದರೆ ಕಡತ ಸರದಿಯಿಂದಲೇ ಹೊರಬೀಳುತ್ತದೆ. ಈ ವಿದ್ಯೆಯಲ್ಲಿ ನಮ್ಮ ವೃತ್ತಿಯವರೂ ಹಿಂದೆ ಬಿದ್ದಿಲ್ಲ, ಬಿಡಿ.

ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿದೆ, ಅದು ಕಣ್ಣಿಗೆ ಬೀಳುವುದಿಲ್ಲ. ಪಹಣಿಯ ಕಾಲಂ 3ರಲ್ಲಿ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ, ಕಾಲಂ 9ರಲ್ಲಿ ಖಾತೆದಾರರ ಹೆಸರು, ಅವರವರ ಪಾಲು. ಅಪ್ಪನ ಕಾಲದ ಬಾಯಿಮಾತಿನ ಪಾಲುಪಟ್ಟಿಯಿಂದಲೋ, ಗಣಕಕ್ಕೆ ಏರಿಸುವಾಗಿನ ಕೈತಪ್ಪಿನಿಂದಲೋ ಒಂದು ಗುಂಟೆ ಹೆಚ್ಚುಕಡಿಮೆಯಾಗಿರುತ್ತದೆ. ಹಳೆಯ ಲೆಕ್ಕಿಗರು ಊರಿನ ನಾಲ್ವರನ್ನು ಕೇಳಿ ಸರಿ ಮಾಡುತ್ತಿದ್ದರು, ಕೆಲವೊಮ್ಮೆ ಬೇಕೆಂದೇ ಕೆಡಿಸುತ್ತಿದ್ದರು. ಈಗ ಎರಡು ಕಾಲಂ ತಾಳೆಯಾಗದಿದ್ದರೆ ವ್ಯವಹಾರವೇ ಮುಂದಕ್ಕೆ ಹೋಗದು. ಎದುರು ಕೂತ ಆಪರೇಟರ್‌ಗೆ ನಿಮ್ಮ ಮೇಲೆ ಕನಿಕರವಿದ್ದರೂ ಏನೂ ಮಾಡಲಾಗದು. ಏನು ನಡೆಯಬೇಕು, ಏನು ನಡೆಯಬಾರದು ಎಂಬ ನಿಯಮ ಬೆಂಗಳೂರಿನಲ್ಲಿ ಬರೆದದ್ದು. ಬರೆದವರನ್ನು ರೈತನಿರಲಿ, ತಹಶೀಲ್ದಾರರೂ ನೋಡಿರಲಿಕ್ಕಿಲ್ಲ.

ಆ ಗ್ರಾಮಲೆಕ್ಕಿಗರು ಏನಾದರು? ಹೆಸರು ಗ್ರಾಮ ಆಡಳಿತ ಅಧಿಕಾರಿ ಎಂದು ದೊಡ್ಡದಾಯಿತು. ಕೈಗೆ ಮೊಬೈಲ್ ಬಂತು, ಅದರೊಳಗೆ ಸಾಲುಸಾಲು ಆ್ಯಪ್. ಸರ್ಕಾರಿ ಜಮೀನಿನ ಬಳಿ ಹೋಗಿ ಫೋಟೊ ತೆಗೆಯಬೇಕು, ಪಹಣಿಗೆ ಆಧಾರ್ ಜೋಡಿಸಬೇಕು, ಇಂದು ಎಷ್ಟು ಮುಗಿಯಿತೆಂದು ಮೇಲಿನವರು ಕೂತಲ್ಲೇ ನೋಡುತ್ತಾರೆ. ಒಂದು ಕಾಲದಲ್ಲಿ ಊರನ್ನೇ ಕಾಯಿಸುತ್ತಿದ್ದ ಹುದ್ದೆಯವರು 2024ರ ಸೆಪ್ಟೆಂಬರ್‌ನಲ್ಲಿ ಆ್ಯಪ್‌ಗಳ ಹೊರೆಯ ವಿರುದ್ಧ ಮುಷ್ಕರ ಕೂತರು. ಅವರ ದೂರಿನಲ್ಲಿ ಹುರುಳಿತ್ತು. ಕೆಲಸ ಅಳೆಯುವ ಯಂತ್ರ ಕೊಟ್ಟವರು ಕೆಲಸ ಮಾಡುವ ಸೌಕರ್ಯ ಕೊಡುವುದನ್ನು ಮರೆತಿದ್ದರು.

ಕಕ್ಷಿದಾರರಿಗೆ ನಾನು ಹೇಳುವುದಿಷ್ಟೆ. ‘ಸಾಫ್ಟ್‌ವೇರ್ ತಗೊಳ್ತಿಲ್ಲ’ ಎಂಬ ಉತ್ತರ ಕೇಳಿಕೊಂಡು ಮನೆಗೆ ಹೋಗಬೇಡಿ. ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ತಿರಸ್ಕರಿಸಿದರೆ ಕಾರಣ ಸಹಿತ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೊಡಿ ಎಂದು ಲಿಖಿತವಾಗಿಯೇ ಕೇಳಿ. ಅಧಿಕಾರಿ ಸಹಿ ಹಾಕಿದ ಆದೇಶದ ಮೇಲೆ ಭೂಕಂದಾಯ ಕಾಯ್ದೆಯ ಕಲಂ 136ರಡಿ ಉಪವಿಭಾಗಾಧಿಕಾರಿಯ ಮುಂದೆ ಮೇಲ್ಮನವಿ ಹಾಕಬಹುದು. ಪರದೆಯ ಮೇಲೆ ಮೂಡಿದ ಕೆಂಪಕ್ಷರದ ಮೇಲೆ ಮೇಲ್ಮನವಿ ಹೇಗೆ ಬರೆಯುವುದು?